ಮಾರ್ಕ್ಸ್ ಕಾರ್ಡ್ ಆಮೇಲೆ ನೋಡೋಣ, ರಫ್ ನೋಟ್‌ಬುಕ್ ತನ್ನಿ

ಕಳೆದ ವಾರ ಒಬ್ಬ ತಂದೆ ಮಗನನ್ನು ಕರೆದುಕೊಂಡು ಮನೆಗೆ ಬಂದಿದ್ದರು. ಹುಡುಗನಿಗೆ ನೀಟ್‌ನಲ್ಲಿ 720ಕ್ಕೆ 388 ಬಂದಿದೆ. "ಮೇಡಂ, ನೀವೇ ಹೇಳ್ಬೇಕು. ಇವನ ಕೈಲಿ ಮೆಡಿಕಲ್ ಆಗುತ್ತಾ? ಇನ್ನೊಂದು ಸಲ ಬರೆಯೋಕೆ ಲಾಂಗ್ ಟರ್ಮ್ ಕೋಚಿಂಗ್‌ಗೆ ಹಾಕ್ಲಾ, ಬಿಎಸ್ಸಿಗೆ ಸೇರಿಸ್ಲಾ?" ಹುಡುಗ ತಲೆ ತಗ್ಗಿಸಿ ಕೂತಿದ್ದ.

ಪಿಯುಸಿಗೆ ಬಯಾಲಜಿ ಹೇಳಿಕೊಡುವ ನನಗೆ ರಿಸಲ್ಟ್ ಬಂದಾಗಲೆಲ್ಲ ಈ ಪ್ರಶ್ನೆ ಎದುರಾಗುತ್ತದೆ. ಬರೀ ಮಾರ್ಕ್ಸ್ ನೋಡಿ ಉತ್ತರ ಹೇಳುವುದನ್ನು ನಾನು ಬಿಟ್ಟು ಬಹಳ ವರ್ಷವಾಯ್ತು. "ಅವನು ಬರೆದ ಮಾಕ್ ಟೆಸ್ಟ್ ಪೇಪರ್‌ಗಳು, ರಫ್ ನೋಟ್‌ಬುಕ್ ಇದ್ರೆ ತನ್ನಿ, ನೋಡಿ ಹೇಳ್ತೀನಿ" ಅಂದೆ.

ನೀಟ್‌ನಲ್ಲಿ 180 ಪ್ರಶ್ನೆ, 180 ನಿಮಿಷ. ಅದರಲ್ಲಿ ಅರ್ಧ, ಅಂದರೆ 90 ಪ್ರಶ್ನೆ, ಬಯಾಲಜಿಯದ್ದೇ. ಸರಿ ಉತ್ತರಕ್ಕೆ ನಾಲ್ಕು ಮಾರ್ಕ್ಸ್, ತಪ್ಪಿಗೆ ಒಂದು ಕಟ್. ನಾಲ್ಕರಲ್ಲಿ ಸರಿಯಾದದ್ದನ್ನು ನಿಮಿಷದೊಳಗೆ ಗುರುತಿಸಬೇಕು. ಅದಕ್ಕೂ ಅಭ್ಯಾಸ ಬೇಕು, ಶ್ರಮ ಬೇಕು, ಇಲ್ಲ ಅನ್ನಲ್ಲ. ಆದರೆ ಆ ಮಗು ಹೇಗೆ ಓದುತ್ತದೆ ಅನ್ನೋದು ಉತ್ತರ ಗುರುತು ಮಾಡುವ ಓಎಂಆರ್ ಶೀಟಿನಲ್ಲಿ ಕಾಣೋದಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಕ್ಲಾಸಿನಲ್ಲಿ ನಡೆದದ್ದು. ಆಕ್ಸಿಜನ್ ಡಿಸೋಸಿಯೇಷನ್ ಕರ್ವ್ ಪಾಠ, ಅಂದರೆ ರಕ್ತದ ಹಿಮೋಗ್ಲೋಬಿನ್ ಯಾವಾಗ ಎಷ್ಟು ಆಕ್ಸಿಜನ್ ಹಿಡಿದಿಟ್ಟುಕೊಳ್ಳುತ್ತೆ ಅಂತ ತೋರಿಸುವ ಗೆರೆ. ಮಾಕ್ ಟೆಸ್ಟ್‌ಗಳಲ್ಲಿ ಸದಾ ಮುಂದಿರುತ್ತಿದ್ದ ಹುಡುಗ ಎದ್ದು, ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಆದ್ರೆ, ಉಷ್ಣಾಂಶ ಜಾಸ್ತಿ ಆದ್ರೆ ಕರ್ವ್ ಬಲಕ್ಕೆ ಸರಿಯುತ್ತೆ ಅಂತ ಪಟಪಟ ಹೇಳಿದ. "ಹಾಗಾದ್ರೆ ನೀನು ಓಡುವಾಗ ನಿನ್ನ ಕಾಲಿನ ಸ್ನಾಯುವಿನಲ್ಲಿ ಏನಾಗುತ್ತಪ್ಪಾ?" ಅಂದೆ. ಉತ್ತರವಿಲ್ಲ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮೆಲ್ಲಗೆ ಶುರು ಮಾಡಿದಳು. "ಸ್ನಾಯು ಬಿಸಿಯಾಗುತ್ತೆ ಮ್ಯಾಮ್... ಕಾರ್ಬನ್ ಡೈಆಕ್ಸೈಡೂ ಅಲ್ಲೇ ಜಾಸ್ತಿ... ಹಾಗಿದ್ರೆ ಹಿಮೋಗ್ಲೋಬಿನ್ ಅಲ್ಲೇ ಆಕ್ಸಿಜನ್ ಬಿಟ್ಟುಕೊಡ್ಬೇಕು, ಅಲ್ವಾ? ಬಲಕ್ಕೆ ಸರಿಯೋದು ಅಂದ್ರೆ ಅದೇನಾ?" ಕಾಯಿಲೆಯವರ ಮುಂದೆ ಕೂತಾಗ ಬೇಕಾಗುವುದು ಇದೇ ತಾನೇ? ಆಗ ಅವಳ ಟೆಸ್ಟ್ ಮಾರ್ಕ್ಸ್ 400ರ ಆಸುಪಾಸಿನಲ್ಲಿತ್ತು.

ಅವಳದ್ದೊಂದು ಇನ್ನೂರು ಪೇಜಿನ ನೋಟ್‌ಬುಕ್ ಇತ್ತು. ಪ್ರತಿ ಟೆಸ್ಟ್ ಆದ ಮೇಲೆ ತಪ್ಪಾದ ಪ್ರಶ್ನೆಗಳ ನಂಬರ್ ಬರೆದು, ಪಕ್ಕದಲ್ಲಿ ಒಂದೊಂದು ಸಾಲು. "ಗೊತ್ತಿರಲಿಲ್ಲ." "ಗೊತ್ತಿತ್ತು, ಪ್ರಶ್ನೆ ಪೂರ್ತಿ ಓದಲಿಲ್ಲ." "ಸುಮ್ನೆ ಊಹಿಸಿದೆ." ಊಹಿಸಿ ಸರಿಯಾದದ್ದನ್ನೂ ಬರೆದಿಟ್ಟಿದ್ದಳು! ಅದನ್ನು ನೋಡಿದ ದಿನವೇ ಈ ಹುಡುಗಿಗೆ ಆಗುತ್ತೆ ಅಂತ ಅನ್ನಿಸಿತ್ತು. ಎರಡನೇ ಸಲ ಬರೆದಾಗ ಸರ್ಕಾರಿ ಸೀಟು ಸಿಕ್ಕಿತು.

ಅವಳು ಹತ್ತನೇ ಕ್ಲಾಸಿನವರೆಗೆ ಓದಿದ್ದು ಕನ್ನಡ ಮೀಡಿಯಂನಲ್ಲಿ. ಇದನ್ನು ಹೇಳಲೇಬೇಕು. ದ್ಯುತಿಸಂಶ್ಲೇಷಣೆಯನ್ನು ಚೆನ್ನಾಗಿ ಅರ್ಥ ಮಾಡಿಕೊಂಡ ಮಗು ಫಸ್ಟ್ ಪಿಯುಗೆ ಬಂದು ಫೋಟೋಸಿಂಥೆಸಿಸ್ ಅನ್ನೋ ಪದದ ಸ್ಪೆಲಿಂಗ್ ಕಲಿಯುತ್ತಾ ಕೂರುತ್ತದೆ. ಮೊದಲ ಆರು ತಿಂಗಳು ಭಾಷೆಗೇ ಹೋಗಿಬಿಡುತ್ತೆ. ಆ ಹೊತ್ತಿನ ಮಾರ್ಕ್ಸ್ ನೋಡಿ "ಇವಳಿಗೆ ಸೈನ್ಸ್ ಕಷ್ಟ" ಅಂದುಬಿಡುವ ಮೇಷ್ಟ್ರುಗಳನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತೆ. ನಮ್ಮ ರಾಜ್ಯದಲ್ಲಿ ಗ್ರಾಮೀಣ ಮಕ್ಕಳಿಗೆ 15%, ಕನ್ನಡ ಮೀಡಿಯಂ ಮಕ್ಕಳಿಗೆ 5% ಮೀಸಲಾತಿ ಇಟ್ಟಿರುವುದು ನನಗಂತೂ ಪೂರ್ತಿ ನ್ಯಾಯ ಅನ್ನಿಸುತ್ತದೆ.

ಹಾಗಾದ್ರೆ ಮಕ್ಕಳನ್ನು ಕೂರಿಸಿಕೊಂಡು ಮಾತಾಡಿಸಿಯೇ ಸೀಟು ಕೊಡಬಹುದಲ್ಲ ಅಂತ ಕೆಲವರು ಕೇಳುತ್ತಾರೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ (ಸಿಎಂಸಿ) ಹಿಂದೆ ಹಾಗೆ ಸಂದರ್ಶನ ಮಾಡಿ ಆರಿಸುತ್ತಿದ್ದರು. ಅಲ್ಪಸಂಖ್ಯಾತರ ಕಾಲೇಜುಗಳಿಗೂ ನೀಟ್ ಅನ್ವಯಿಸುತ್ತದೆ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸಿಎಂಸಿಯವರ ಆ ಪದ್ಧತಿ ಬಗ್ಗೆ ನನಗೆ ಗೌರವ ಇದೆ. ಆದರೆ ಎಲ್ಲ ಕಡೆ ಸಂದರ್ಶನ ಇಟ್ಟರೆ ಇಂಗ್ಲಿಷ್ ಚೆನ್ನಾಗಿ ಮಾತಾಡುವ, ಪರಿಚಯ ಇರುವ ಮನೆಯ ಮಕ್ಕಳೇ ಮುಂದೆ ಹೋಗುತ್ತಾರೆ ಅನ್ನೋ ಭಯ ಇದೆ. ನೀಟ್‌ಗೆ ಅಪ್ಪ ಯಾರು ಅಂತ ಗೊತ್ತಿಲ್ಲ, ಅದು ಸಣ್ಣ ಮಾತಲ್ಲ. ಅದಕ್ಕೇ ಓದುವ ರೀತಿಯನ್ನು ಗಮನಿಸುವ ಕೆಲಸ ಪರೀಕ್ಷೆಗೆ ಮೊದಲೇ, ಪಿಯುನ ಎರಡು ವರ್ಷದಲ್ಲಿ, ನಮ್ಮ ಕೈಯಲ್ಲೇ ಆಗಬೇಕು.

ಎರಡು ದಿನ ಬಿಟ್ಟು ಆ ಹುಡುಗ ಬಂದ. ಹದಿನಾಲ್ಕು ಮಾಕ್ ಟೆಸ್ಟ್ ಪೇಪರ್. ಎಲ್ಲದರ ಮೇಲೂ ಕೆಂಪು ಪೆನ್ನಲ್ಲಿ ಮಾರ್ಕ್ಸ್‌ಗೆ ಸುತ್ತು ಹಾಕಿದ್ದಾನೆ. ತಪ್ಪಾದ ಪ್ರಶ್ನೆ ಒಂದನ್ನೂ ತಿರುಗಿ ನೋಡಿಲ್ಲ. ನನಗೆ ಬೇಜಾರಾಯ್ತು. ರಫ್ ನೋಟ್‌ಬುಕ್ ತಿರುವುತ್ತಾ ಹೋದಾಗ ಒಂದು ಪೇಜಲ್ಲಿ ಲೆನ್ಸಿನ ಚಿತ್ರ ಸಿಕ್ಕಿತು. ಮೂರು ಸಲ ಬರೆದಿದ್ದಾನೆ, ಎರಡನ್ನು ಹೊಡೆದುಹಾಕಿದ್ದಾನೆ.

"ಇದನ್ನ ಯಾಕೆ ಮೂರು ಸಲ ಬರೆದೆ?"

"ಕಿರಣ ಯಾಕೆ ಆ ಕಡೆಗೇ ಬಾಗುತ್ತೆ ಅಂತ ಗೊತ್ತಾಗ್ಲಿಲ್ಲ ಮ್ಯಾಮ್. ಮೂರನೇ ಸಲ ಗೊತ್ತಾಯ್ತು." ಮೊದಲ ಸಲ ತಲೆ ಎತ್ತಿ ಮಾತಾಡಿದ.

ಆ ಪೇಜನ್ನು ಅವನ ಅಪ್ಪನಿಗೆ ತೋರಿಸಿದೆ. ಲಾಂಗ್ ಟರ್ಮ್ ಫೀಸು ಕಟ್ಟೋಕೆ ಹದಿನೈದು ದಿನ ತಡೀರಿ ಅಂದೆ. ಅಷ್ಟರಲ್ಲಿ ಹದಿನಾಲ್ಕೂ ಪೇಪರಿನ ತಪ್ಪುಗಳನ್ನು ಅವನು ಒಂದೊಂದಾಗಿ ಬಿಡಿಸಿ, ಯಾಕೆ ತಪ್ಪಾಯ್ತು ಅಂತ ಬರೆಯಬೇಕು. ಮೊದಲ ಎರಡು ಪೇಪರ್ ಮುಗಿಸಿ ಈ ಭಾನುವಾರ ಬರ್ತೀನಿ ಅಂದಿದ್ದಾನೆ.