ಮಂಗಳಕ್ಕೆ ದಾರಿ ಲೆಕ್ಕ ಹಾಕಿದ ಪ್ರಧಾನಿ

2012ರ ಡಿಸೆಂಬರ್ 11. ಬೆಳಕು ಹರಿಯಲು ಇನ್ನೂ ಹೊತ್ತಿತ್ತು. ಪಶ್ಚಿಮ ಆಫ್ರಿಕಾದ ಮಾಲಿ ದೇಶದ ಸರ್ಕಾರಿ ಟಿವಿಯಲ್ಲಿ ಪ್ರಧಾನಿ ಕಾಣಿಸಿಕೊಂಡರು. ತಾವೂ ತಮ್ಮ ಇಡೀ ಸಂಪುಟವೂ ರಾಜೀನಾಮೆ ಕೊಡುತ್ತಿದ್ದೇವೆ ಎಂದರು. ದೇಶದ ಜನರ ಕ್ಷಮೆ ಕೇಳಿದರು. ಅಷ್ಟೇ. ಕೆಲವು ಗಂಟೆ ಮುಂಚೆ ಅವರು ಪ್ಯಾರಿಸ್‌ಗೆ ಹೊರಡುವ ತಯಾರಿಯಲ್ಲಿದ್ದರು. ಸೈನಿಕರು ರಾಜಧಾನಿ ಬಮಾಕೋದ ಮನೆಗೇ ಬಂದು ಎಳೆದುಕೊಂಡು ಹೋಗಿದ್ದರು. ಆ ಸೈನಿಕರನ್ನು ಕಳಿಸಿದವನು ಒಬ್ಬ ಕ್ಯಾಪ್ಟನ್, ಅಮಾದು ಸನೋಗೊ.

ಪ್ರಧಾನಿಯ ಹೆಸರು ಶೇಖ್ ಮೊದಿಬೊ ದಿಯಾರಾ. ಹುಟ್ಟಿದ್ದು 1952ರಲ್ಲಿ, ಮಾರಿಟೇನಿಯಾ ಗಡಿ ಹತ್ತಿರದ ನಿಯೊರೊ ಎಂಬ ಊರಲ್ಲಿ. ಪ್ಯಾರಿಸ್‌ನಲ್ಲಿ ಗಣಿತ, ಭೌತಶಾಸ್ತ್ರ ಓದಿ, ವಾಷಿಂಗ್ಟನ್‌ನ ಹಾವರ್ಡ್ ವಿಶ್ವವಿದ್ಯಾಲಯದಲ್ಲಿ ಏರೋಸ್ಪೇಸ್ ಇಂಜಿನಿಯರಿಂಗ್ ಮಾಡಿದರು. ಅಲ್ಲಿಂದ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ. ಶುಕ್ರಕ್ಕೆ ಹೋದ ಮೆಗೆಲನ್, ಗುರುಗ್ರಹಕ್ಕೆ ಹೋದ ಗೆಲಿಲಿಯೊ, ಕೊನೆಗೆ ಮಂಗಳದ ಪಾಥ್‌ಫೈಂಡರ್, ಹೀಗೆ ಒಂದಾದ ಮೇಲೊಂದು ನೌಕೆಗೆ ದಾರಿ ಲೆಕ್ಕ ಹಾಕುವ ಕೆಲಸ.

ಆ ಕೆಲಸ ಎಂಥದ್ದು ಅಂತ ಸ್ವಲ್ಪ ಹೇಳಲೇಬೇಕು. 1996ರ ಡಿಸೆಂಬರ್‌ನಲ್ಲಿ ಹೊರಟ ಪಾಥ್‌ಫೈಂಡರ್ ಏಳು ತಿಂಗಳು ಪ್ರಯಾಣ ಮಾಡಿತು. ನೌಕೆಯಿಂದ ಬರುವ ರೇಡಿಯೊ ಅಲೆಯಲ್ಲಿ ಆಗುವ ಕೂದಲೆಳೆಯಷ್ಟು ವ್ಯತ್ಯಾಸ ನೋಡಿಯೇ ಅದು ಎಲ್ಲಿದೆ, ಎಷ್ಟು ವೇಗದಲ್ಲಿದೆ ಅಂತ ಇವರು ಹೇಳಬೇಕು. ನಡುವೆ ನಾಲ್ಕು ಸಲ ಥ್ರಸ್ಟರ್ ಎಂಬ ಪುಟ್ಟ ಪುಟ್ಟ ಎಂಜಿನ್ ಹಚ್ಚಿ ದಾರಿ ತಿದ್ದಿದರು. 1997ರ ಜುಲೈ 4ರಂದು ಅದು ಸೆಕೆಂಡಿಗೆ 7 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಮಂಗಳದ ವಾತಾವರಣಕ್ಕೆ ನುಗ್ಗಿತು. ಆಮೇಲೆ ಪ್ಯಾರಾಚೂಟ್, ಗಾಳಿ ತುಂಬಿದ ಚೀಲಗಳು, ನೆಲಕ್ಕೆ ಬಿದ್ದು ಚೆಂಡಿನ ಹಾಗೆ ಪುಟಿದು ಪುಟಿದು ನಿಂತಿತು. ಸುದ್ದಿ ಭೂಮಿಗೆ ಮುಟ್ಟಲು 10 ನಿಮಿಷಕ್ಕೂ ಹೆಚ್ಚು ಬೇಕು. ನಮ್ಮ ಮಂಗಳಯಾನ 2014ರಲ್ಲಿ ಕಕ್ಷೆ ಸೇರಿದ ಬೆಳಿಗ್ಗೆ, ನೌಕೆ ಗ್ರಹದ ಮರೆಗೆ ಹೋದಾಗ ಬೆಂಗಳೂರಿನ ಇಸ್ರೊ ಕೇಂದ್ರದಲ್ಲಿ ಉಸಿರು ಬಿಗಿಹಿಡಿದು ಕೂತವರನ್ನು ಟಿವಿಯಲ್ಲಿ ನೋಡಿದವರಿಗೆ ಆ ಕಾಯುವಿಕೆ ಏನು ಅಂತ ಗೊತ್ತು. ದಿಯಾರಾ ಅಂಥ ಕೋಣೆಯಲ್ಲಿ ಕೂತ ಮನುಷ್ಯ.

ಆಮೇಲೆ ಯುನೆಸ್ಕೊದ ಸದ್ಭಾವನಾ ರಾಯಭಾರಿ, ಆಫ್ರಿಕನ್ ವರ್ಚುವಲ್ ಯೂನಿವರ್ಸಿಟಿಯ ಮುಖ್ಯಸ್ಥ, 2006ರಿಂದ ಮೈಕ್ರೊಸಾಫ್ಟ್ ಆಫ್ರಿಕಾದ ಅಧ್ಯಕ್ಷ. 2011ರಲ್ಲಿ ಸ್ವಂತ ಪಕ್ಷ ಕಟ್ಟಿ ಚುನಾವಣೆಗೆ ಸಿದ್ಧರಾದರು.

ಚುನಾವಣೆ ನಡೆಯಲೇ ಇಲ್ಲ. 2012ರ ಮಾರ್ಚ್‌ನಲ್ಲಿ, ಬಮಾಕೋದಿಂದ ಕೂಗಳತೆಯಲ್ಲಿರುವ ಕಾಟಿಯ ದಂಡಿನಿಂದ ಬಂದ ಸೈನಿಕರು ಇದೇ ಕ್ಯಾಪ್ಟನ್ ಸನೋಗೊನ ಮುಂದಾಳತ್ವದಲ್ಲಿ ಅಧ್ಯಕ್ಷ ಅಮಾದು ತುಮಾನಿ ತುರೆಯನ್ನು ಇಳಿಸಿದರು. ಆ ಗೊಂದಲದಲ್ಲೇ ಉತ್ತರದ ಕಿಡಾಲ್, ಗಾವೊ, ಟಿಂಬಕ್ಟು ಬಂಡುಕೋರರ ವಶವಾದವು. ನೆರೆಯ ದೇಶಗಳ ಒತ್ತಡಕ್ಕೆ ಒಂದು ಮಧ್ಯಂತರ ಸರ್ಕಾರ ಬಂತು. ಏಪ್ರಿಲ್ 17ರಂದು ದಿಯಾರಾ ಪ್ರಧಾನಿಯಾದರು.

ನನ್ನ ತಕರಾರು ಇರುವುದು ಈ ಹಂತದ ಬಗ್ಗೆ. "ವಿಜ್ಞಾನಿಗೆ ರಾಜಕೀಯ ಯಾಕೆ ಬೇಕಿತ್ತು" ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಇಷ್ಟು ಓದಿದವರು, ಇಷ್ಟು ಕಂಡವರು ದೇಶದ ಕೆಲಸಕ್ಕೆ ಬರಲೇಬೇಕು. ಆದರೆ ದಿಯಾರಾ ಬಂದ ಬಾಗಿಲು ಕಾಟಿಯ ಸೈನಿಕರ ಕೈಯಲ್ಲಿತ್ತು. ಅವರ ಮೊದಲ ಸಂಪುಟದ 24 ಮಂತ್ರಿಗಳಲ್ಲಿ ಮೂವರು ಸೇನೆಯವರು. ಆ ಮೂವರಿಗೆ ಸಿಕ್ಕಿದ್ದು ರಕ್ಷಣೆ, ಆಂತರಿಕ ಭದ್ರತೆ, ಚುನಾವಣೆ ನಡೆಸುವ ಪ್ರಾದೇಶಿಕ ಆಡಳಿತ. ಉಳಿದ 21 ಖಾತೆ ಇಟ್ಟುಕೊಂಡು ಏನು ಮಾಡುವುದು? ಜೊತೆಗೆ, ದಿಯಾರಾ 22 ವರ್ಷಕ್ಕೂ ಹೆಚ್ಚು ಕಾಲ ಮಾಲಿಯನ್ನು ಬಿಗಿಮುಷ್ಟಿಯಲ್ಲಿ ಆಳಿದ ಮೂಸಾ ತ್ರಾವೊರೆಯ ಅಳಿಯ. ಹಳೆಯ ಪಕ್ಷಗಳವರು ಅವರನ್ನು ನಂಬಲಿಲ್ಲ.

ಮೇ ತಿಂಗಳಲ್ಲಿ ಗುಂಪೊಂದು ಅರಮನೆಗೇ ನುಗ್ಗಿ, ಎಪ್ಪತ್ತು ವರ್ಷದ ಮಧ್ಯಂತರ ಅಧ್ಯಕ್ಷ ದಿಯೊಂಕುಂದಾ ತ್ರಾವೊರೆಯನ್ನು ಪ್ರಜ್ಞೆ ತಪ್ಪುವಂತೆ ಹೊಡೆಯಿತು. ಅವರು ಚಿಕಿತ್ಸೆಗೆ ಪ್ಯಾರಿಸ್‌ಗೆ ಹೋದರು, ಎರಡು ತಿಂಗಳು ಬರಲಿಲ್ಲ. ಆ ದಿನವೇ ದಿಯಾರಾ ಎದ್ದು ನಿಂತು, ದಂಡಿನ ಹಿಡಿತದಲ್ಲಿ ಸರ್ಕಾರ ನಡೆಸಲಾರೆ ಅಂತ ಜನರ ಮುಂದೆ ಹೇಳಬೇಕಿತ್ತು. ಕುರ್ಚಿ ಹೋಗುತ್ತಿತ್ತು, ನಿಜ. ಹೇಗೂ ಹೋಯಿತಲ್ಲ! ಬಂಡುಕೋರರ ಕೈಯಿಂದ ಉತ್ತರ ಭಾಗವನ್ನು ಬಿಡಿಸಲು ಹೊರಗಿನ ಸೇನೆ ಬೇಗ ಬರಲಿ ಅಂತ ಅವರು ವಾದಿಸಿದರು, ಸನೋಗೊಗೆ ಅದು ಬೇಡವಾಗಿತ್ತು. ಆ ವಿಷಯದಲ್ಲಿ ದಿಯಾರಾ ಹೇಳಿದ್ದೇ ಸರಿ ಎಂದು ನಾನು ಈಗಲೂ ನಂಬುತ್ತೇನೆ. ಅವರನ್ನು ಇಳಿಸಿ ಸರಿಯಾಗಿ ಒಂದು ತಿಂಗಳಿಗೆ, 2013ರ ಜನವರಿ 11ರಂದು, ಫ್ರೆಂಚ್ ಸೇನೆ ಮಾಲಿಗೆ ಇಳಿಯಿತು.

ನನಗೆ ಸಂಕಟವಾಗುವುದು ಆ ಡಿಸೆಂಬರ್ ರಾತ್ರಿಯನ್ನು ನೆನೆದಾಗ. ಒಬ್ಬ ಪ್ರಧಾನಿಯನ್ನು ಮನೆಯಿಂದ ಎತ್ತಿಕೊಂಡು ಹೋದರು, ಅವರಿಗಾಗಿ ಬಮಾಕೋ ಬೀದಿಗೆ ಬರಲಿಲ್ಲ. ಬರಲಿ ಅನ್ನುವುದಕ್ಕೆ ಆ ಜನ ಅವರಿಗೆ ವೋಟು ಹಾಕಿ ಕೂರಿಸಿರಲಿಲ್ಲವಲ್ಲ. ಮತ ಕೇಳಲು ಅವರು 2013ರಲ್ಲಿ, 2018ರಲ್ಲಿ ಮತ್ತೆ ಹೋದರು. ಎರಡು ಸಲವೂ ಗೆಲ್ಲಲಿಲ್ಲ.

ಕ್ಯಾಪ್ಟನ್ ಸನೋಗೊನನ್ನು 2013ರಲ್ಲಿ ಒಂದೇ ಏಟಿಗೆ ಜನರಲ್ ಮಾಡಿದರು, ಅದೇ ವರ್ಷ ಬಂಧಿಸಿದರು. 2020ರ ಆಗಸ್ಟ್ 18ರಂದು ಮಾಲಿಯಲ್ಲಿ ಮತ್ತೊಮ್ಮೆ ಅಧ್ಯಕ್ಷರನ್ನು ಹಿಡಿದು ಇಳಿಸಿದರು. ಆ ದಿನ ಬೆಳಿಗ್ಗೆ ಸೈನಿಕರು ಹೊರಟದ್ದು ಅದೇ ಕಾಟಿಯ ದಂಡಿನಿಂದ.