ಹಬ್ಬದ ಎಲೆಗೆ ರಾಗಿ ಯಾಕೆ ಬೇಡ?

ಸಂಕ್ರಾಂತಿಯ ಹಿಂದಿನ ದಿನ, ಭೋಗಿಯ ಸಂಜೆ, ಊರಿಗೆ ಫೋನ್ ಮಾಡಿದ್ದೆ. ಊಟಕ್ಕೆ ಏನು ಮಾಡಿದ್ರಿ ಅಂತ ಚಿಕ್ಕಮ್ಮ ಕೇಳಿದರು. ಸಜ್ಜೆ ರೊಟ್ಟಿ, ಭೋಗಿ ಪಲ್ಯ, ಬೆಣ್ಣೆ ಅಂದೆ. "ಅಯ್ಯೋ ಪಾಪ, ಹಬ್ಬದ ದಿನ ರೊಟ್ಟಿ ಪಲ್ಯನಾ? ಆ ಊರಲ್ಲಿ ಸಿಹಿ ಮಾಡಲ್ವೇನೇ?" ಅಂದರು. ಪ್ರೀತಿಯಿಂದಲೇ ಅಂದದ್ದು. ಆದರೂ ಆ "ಪಾಪ" ಚುಚ್ಚಿತು. ವರ್ಷವಿಡೀ ನಾನು ಕಾಯುವ ಊಟ ಅದು.

ನಾವಿರುವುದು ಮಹಾರಾಷ್ಟ್ರದ ಸೊಲ್ಲಾಪುರದಲ್ಲಿ, ಸಿದ್ಧರಾಮನ ಸೊನ್ನಲಿಗೆಯಲ್ಲಿ. ಭೋಗಿಯ ದಿನ ಊರ ಸುತ್ತಲಿನ 68 ಲಿಂಗಗಳಿಗೆ ಎಣ್ಣೆಮಜ್ಜನ. ಮರುದಿನ ಸಂಕ್ರಾಂತಿಗೆ ಸಮ್ಮತಿ ಕಟ್ಟೆಯಲ್ಲಿ ಸಿದ್ಧರಾಮನ ಸಾಂಕೇತಿಕ ಮದುವೆಯ ಅಕ್ಷತೆ. ಏಳು ನಂದಿಕೋಲು ಬೀದಿಗೆ ಬಂದರೆ ಕನ್ನಡ, ಮರಾಠಿ, ತೆಲುಗು ಅಂತಿಲ್ಲ, ಎಲ್ಲರೂ ಬಾಗಿಲಲ್ಲಿ ನಿಂತಿರುತ್ತಾರೆ. ಇಷ್ಟು ದೊಡ್ಡ ಹಬ್ಬದ ಮೊದಲ ದಿನ ಅಡುಗೆಮನೆಯಲ್ಲಿ ಮುಖ್ಯವಾಗಿ ಬೇಯುವುದು ತರಕಾರಿ.

ಪಕ್ಕದ ಮನೆಯ ಕಾಕು ಅಕ್ಕಲಕೋಟೆ ಕಡೆಯವರು, ಮನೆಮಾತು ಕನ್ನಡ. ಅವರ ಪಲ್ಯಕ್ಕೆ ಹಸಿ ಕಡಲೆ, ಅವರೆ, ಬಟಾಣಿ, ಗಜ್ಜರಿ, ಬದನೆಕಾಯಿ, ಹಸಿ ಶೇಂಗಾ, ಒಂದು ಹಿಡಿ ಮೆಂತ್ಯ ಸೊಪ್ಪು ಬೀಳುತ್ತವೆ. ಆ ವಾರ ಹೊಲದಲ್ಲಿ ಏನಿದೆಯೋ ಅದೆಲ್ಲ ಒಂದೇ ಪಾತ್ರೆಗೆ. ಮೇಲೆ ಹುರಿದು ಕುಟ್ಟಿದ ಎಳ್ಳು, ಶೇಂಗಾ ಪುಡಿ, ಖಾರ, ಚೂರು ಬೆಲ್ಲ. ಸಜ್ಜೆ ಹಿಟ್ಟು ಬೇಗ ಕಹಿಯಾಗುತ್ತದೆ, ಅದಕ್ಕೆ ಹಿಂದಿನ ದಿನವೇ ಗಿರಣಿಗೆ ಹೋಗಿ ಬೀಸಿಸಿಕೊಂಡು ಬರುತ್ತಾರೆ. ಬಿಸಿನೀರು ಹಾಕಿ ಒಂದೊಂದು ರೊಟ್ಟಿಗೆ ಆಗುವಷ್ಟೇ ನಾದುತ್ತಾರೆ. ಬಡಿದು ಮುಗಿಯುವ ಹೊತ್ತಿಗೆ ಬಿಳಿ ಎಳ್ಳು ಉದುರಿಸಿ ಅಂಗೈಯಿಂದ ಒತ್ತುತ್ತಾರೆ. ಹಂಚಿಗೆ ಹಾಕಿ, ನೀರು ಸವರಿ, ತಿರುವಿದರೆ ಎಳ್ಳು ಚಟಪಟ ಅನ್ನುತ್ತದೆ. ಒಂದೂವರೆ ರೊಟ್ಟಿಗೆ ಹೊಟ್ಟೆ ತುಂಬಿಬಿಡುತ್ತದೆ. ಎರಡು ಪೂರ್ತಿ ತಿನ್ನಬೇಕು ಅಂದರೂ ಆಗುವುದಿಲ್ಲ.

"ತಿನ್ನು ತಂಗಿ, ನ ಖಾಯಿ ಭೋಗಿ ತೋ ಸದಾ ರೋಗಿ" ಅಂತ ಕಾಕು ಹೇಳುತ್ತಿರುತ್ತಾರೆ. ಇಲ್ಲಿ ಎಲ್ಲರ ಬಾಯಲ್ಲೂ ಇರುವ ಮರಾಠಿ ಗಾದೆ. ಭೋಗಿ ಊಟ ಬಿಟ್ಟವನಿಗೆ ಕಾಯಿಲೆ ತಪ್ಪಿದ್ದಲ್ಲ ಅಂತ. ಇದನ್ನು ಇಲ್ಲಿ ಯಾರೂ ಪಥ್ಯ ಅನ್ನಲ್ಲ, ಡಯಟ್ ಅನ್ನಲ್ಲ. ಇದೇ ಹಬ್ಬದೂಟ, ದೇವರಿಗೂ ಇದೇ ನೈವೇದ್ಯ.

ನಮ್ಮ ತುಮಕೂರು ಕಡೆ ಹೇಗೆ? ಹಬ್ಬ ಬಂದರೆ ಮೊದಲು ಬದಿಗೆ ಸರಿಯುವುದೇ ರಾಗಿ. ನಮ್ಮ ಮನೆಯಲ್ಲಂತೂ ಹಬ್ಬದ ದಿನ ಮುದ್ದೆ ಕೋಲು ಮುಟ್ಟುತ್ತಿರಲಿಲ್ಲ. ಅದಕ್ಕೆ ಕಾರಣವೂ ಇತ್ತು ಅನ್ನಿ. ಬಯಲುಸೀಮೆಯಲ್ಲಿ ದಿನಾ ರಾಗಿ, ಅನ್ನ ಕಾಣುತ್ತಿದ್ದದ್ದೇ ಹಬ್ಬಕ್ಕೆ, ನೆಂಟರು ಬಂದಾಗ. ಅಜ್ಜಿಯ ಕಾಲಕ್ಕೆ ಅದು ಸರಿ. ಈಗ ಮೂರು ಹೊತ್ತೂ ಅಕ್ಕಿಯೇ. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. ಹಬ್ಬಕ್ಕೆ ಅದರ ಮೇಲೆ ಸಿಹಿ ಪೊಂಗಲ್, ಚಿತ್ರಾನ್ನ, ಒಬ್ಬಟ್ಟು, ಪಾಯಸ. ನೂರು ಗ್ರಾಂ ಸಜ್ಜೆಯಲ್ಲಿ 11 ಗ್ರಾಂ ನಾರಿದ್ದರೆ ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಹೊಟ್ಟೆ ತುಂಬಿದ್ದೇ ಗೊತ್ತಾಗಲ್ಲ, ತಿನ್ನುತ್ತಲೇ ಇರುತ್ತೇವೆ.

ಚಿಕ್ಕಪ್ಪನಿಗೆ ಶುಗರ್ ಇದೆ. ಪ್ರತಿ ಹಬ್ಬಕ್ಕೂ "ಇವತ್ತೊಂದು ದಿನ ಪರವಾಗಿಲ್ಲ ತಿನ್ನಿ" ಅಂತ ಎರಡನೇ ಒಬ್ಬಟ್ಟು ಎಲೆಗೆ ಬೀಳುತ್ತದೆ. ಬೇಡ ಅಂದರೆ ಬಡಿಸಿದವರಿಗೆ ಬೇಜಾರು. ಗೌರಿಗೆ ಒಂದು ದಿನ, ಗಣೇಶನಿಗೆ ಒಂದು ದಿನ, ದಸರಾ, ದೀಪಾವಳಿ, ನಡುವೆ ನಾಲ್ಕು ಮದುವೆ, ಒಂದು ಗೃಹಪ್ರವೇಶ. ಆ ಒಂದು ದಿನ ಮುಗಿಯುವುದೇ ಇಲ್ಲ. ಆಮೇಲೆ ವಾರಗಟ್ಟಲೆ ಮೆಂತ್ಯ ನೀರು, ಹಾಗಲಕಾಯಿ ರಸ. ಹಬ್ಬಕ್ಕೆ ಬಾಯಿರುಚಿ, ಹಬ್ಬ ಮುಗಿದ ಮೇಲೆ ಆರೋಗ್ಯ ಅಂತ ಎರಡನ್ನೂ ಬೇರೆ ಬೇರೆ ಮಾಡಿಟ್ಟಿದ್ದು ಯಾಕೆ? ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಚಿಕ್ಕಪ್ಪ ಇನ್ನೂ ಬಹಳ ವರ್ಷ ನಮ್ಮ ಜೊತೆ ಪಂಕ್ತಿಯಲ್ಲಿ ಕೂರಬೇಕು ಅಂತ ಆಸೆ ನನಗೆ.

ಇಲ್ಲಿ ಎಲ್ಲ ಸರಿಯಿದೆ ಅಂತಲ್ಲ. ಭೋಗಿ ಕಳೆದ ಮರುದಿನವೇ ಶೇಂಗಾ ಹೋಳಿಗೆ, ಮೇಲೆ ಧಾರಾಳ ತುಪ್ಪ. ಎಳ್ಳುಂಡೆ ಹಿಡಿದು ಮನೆಮನೆಗೆ ಹೋಗುತ್ತಾರೆ, ಹೋದಲ್ಲೆಲ್ಲ ಒಂದು ಬಾಯಿಗೆ ಹಾಕಿಕೊಳ್ಳಲೇಬೇಕು. ದಿನನಿತ್ಯದ ಪಲ್ಯದಲ್ಲಿ ಎಣ್ಣೆ ತೇಲುತ್ತಿರುತ್ತದೆ. ಊಟಕ್ಕೆ ಮುಂಚೆ ಮಾತ್ರೆ ನುಂಗುವವರು ನಮ್ಮ ಓಣಿಯಲ್ಲೂ ಇದ್ದಾರೆ. ನಮ್ಮ ಕಡೆಯ ಎಲೆಯೂ ಬರೀ ಸಿಹಿಯದ್ದಲ್ಲ. ಕೋಸಂಬರಿ ಇಲ್ಲದೆ ನಮ್ಮಲ್ಲಿ ಹಬ್ಬವೇ ಇಲ್ಲ. ಬಡಿಸುವುದು ಮಾತ್ರ ಎಲೆಯ ತುದಿಗೆ ಒಂದು ಚಮಚ. ಎಳ್ಳು-ಬೆಲ್ಲದಲ್ಲೂ ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿ ಇದ್ದೇ ಇದೆ.

ಜನವರಿಯಲ್ಲಿ ಊರ ಕಡೆ ಸೊಗಡು ಅವರೆಕಾಯಿ ರಾಶಿ ರಾಶಿ ಬಂದಿರುತ್ತದೆ. ಹಿತಕಿದ ಬೇಳೆ ಸಾರು ಇಲ್ಲಿ ಯಾರೂ ಮಾಡುವುದಿಲ್ಲ, ಅದರ ಮುಂದೆ ಕಾಕುವಿನ ಪಲ್ಯವೂ ಸೋಲುತ್ತದೆ ಅಂತ ನನಗೇ ಅನಿಸುತ್ತದೆ. ಆ ಸಾರಿಗೆ ಅನ್ನಕ್ಕಿಂತ ಮುದ್ದೆಯೇ ಚೆನ್ನ, ಅಲ್ವಾ? ಬರುವ ಸಂಕ್ರಾಂತಿಗೆ ಎಲೆಯ ಮೇಲೆ ಸಣ್ಣದೊಂದು ಮುದ್ದೆ ಇಡಿ. ಮೊದಲು ದೇವರಿಗೆ ತೋರಿಸಿ. ಪೊಂಗಲ್ ಆಮೇಲೆ ಬರಲಿ.