ಆ ಚಮಚ ಕೆಳಗಿಡಿ

ಇವತ್ತು ದೊಡ್ಡಮ್ಮನ ಕೋಣೆಯಿಂದ ಎದ್ದು ಹೊರಗೆ ಬಂದುಬಿಟ್ಟೆ. ಇನ್ನೊಂದು ನಿಮಿಷ ಅಲ್ಲೇ ಇದ್ದಿದ್ದರೆ ನೆಂಟರ ಎದುರೇ ಜಗಳ ಆಗಿರೋದು. ನನ್ನ ಬಾಯಿ ಎಂಥದ್ದು ಅಂತ ನಿಮಗೆ ಗೊತ್ತಲ್ಲ.

ಇಷ್ಟು ವರ್ಷ ಫೋನಿನಲ್ಲೇ ಕ್ಷೇಮ ವಿಚಾರಿಸುತ್ತಿದ್ದ ಸಂಬಂಧಿಕರೊಬ್ಬರು ಬಂದಿದ್ದರು. ಬಂದವರೇ ಚಮಚ ಹಿಡಿದು ಕೂತರು. "ತಿನ್ನದಿದ್ದರೆ ಶಕ್ತಿ ಎಲ್ಲಿಂದ ಬರಬೇಕು? ಬಾಯಿ ತೆಗೀರಿ, ಆ ಅನ್ನಿ." ದೊಡ್ಡಮ್ಮ ತುಟಿ ಬಿಗಿದರು. ಚಮಚ ಹಲ್ಲಿಗೆ ತಾಗಿ ಟಕ್ ಅಂತು. ಚೂರು ಒಳಗೆ ಹೋಯಿತು, ಮಿಕ್ಕಿದ್ದು ಬಾಯಂಚಿನಿಂದ ಕುತ್ತಿಗೆಗೆ ಇಳಿಯಿತು. ಆಮೇಲೆ ಕೆಮ್ಮು. ಕೆಮ್ಮುವುದಕ್ಕೂ ತ್ರಾಣವಿಲ್ಲ. ಅದನ್ನು ನೋಡಿಯೂ ಎರಡನೇ ಚಮಚ!

ಸ್ವಾಮಿ, ಊಟ ಬಿಟ್ಟಿದ್ದಕ್ಕೆ ಅವರು ಸಾಯುತ್ತಿಲ್ಲ. ಸಾಯುತ್ತಿರುವುದಕ್ಕೆ ಊಟ ಬಿಟ್ಟಿದ್ದಾರೆ. ಇಷ್ಟನ್ನು ಯಾಕೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ?

ಇದು ನಿನ್ನೆ ಮೊನ್ನೆ ಶುರುವಾದದ್ದಲ್ಲ. ಮೊದಲು ಮನೆಯಿಂದ ಹೊರಗೆ ಹೋಗುವುದು ನಿಂತಿತು, ಆಮೇಲೆ ಕೋಣೆಯಿಂದ, ಆಮೇಲೆ ಮಂಚದಿಂದ. ಸರಿಯಾಗಿ ತಿನ್ನುತ್ತಿದ್ದಾಗಲೇ ಮೈ ಇಳಿಯುತ್ತಿತ್ತು. ಮಣಿಕಟ್ಟಿನ ಬಳೆ ಮೊಣಕೈವರೆಗೆ ಜಾರುತ್ತಿತ್ತು. ಈಗ ದಿನದ ಬಹುಪಾಲು ನಿದ್ದೆ. ಮೂತ್ರ ಕಡಿಮೆಯಾಗಿ ಬಣ್ಣ ಗಾಢವಾಗಿದೆ. ಮಂಡಿಯ ಮೇಲೆ ನೇರಳೆ ಬಣ್ಣದ ಬಲೆಯಂಥ ಕಲೆ. ಉಸಿರು ಜೋರಾಗುತ್ತಾ ಹೋಗಿ, ಇಳಿದು, ಪೂರ್ತಿ ನಿಂತು, ಮತ್ತೆ ಶುರುವಾಗುತ್ತದೆ. ಜಾನ್ ಚೇಯ್ನ್ ಅನ್ನುವ ವೈದ್ಯ 1818ರಲ್ಲೇ ಈ ಉಸಿರಾಟವನ್ನು ಬರೆದಿಟ್ಟಿದ್ದಾನೆ. ಇನ್ನೂರು ವರ್ಷ ಕಳೆದರೂ ನಮ್ಮವರಿಗೆ ಅದು ಬರೀ "ಸ್ವಲ್ಪ ವೀಕ್ನೆಸ್ಸು".

"ಡ್ರಿಪ್ಪಾದರೂ ಹಾಕಿಸಬಾರದಾ?" ಹಾಕಿಸಬಹುದು. ಸೋತ ಹೃದಯ, ಸೋತ ಕಿಡ್ನಿ ಆ ನೀರನ್ನು ಏನು ಮಾಡಬೇಕು? ಕಾಲು ಊದುತ್ತದೆ, ಎದೆಯಲ್ಲಿ ನೀರು ತುಂಬುತ್ತದೆ, ಗಂಟಲಿನ ಗೊರಗೊರ ಹೆಚ್ಚುತ್ತದೆ. ಬಾಯಿ ಒಣಗಿದರೆ ಒದ್ದೆ ಹತ್ತಿಯಿಂದ ತುಟಿ, ನಾಲಿಗೆ ಒರೆಸಿದರೆ ಸಾಕು. ಅದಕ್ಕೆ ಪಕ್ಕದಲ್ಲಿ ಕೂತಿರಬೇಕು, ಅದೇ ಕಷ್ಟ.

ದೂರದಿಂದ ಬಂದು "ಏನಾದರೂ ಮಾಡಿ" ಎಂದು ಕೂಗಾಡುವವರಿಗೆ ವೈದ್ಯರು ಒಂದು ಹೆಸರನ್ನೇ ಇಟ್ಟಿದ್ದಾರೆ, ಕ್ಯಾಲಿಫೋರ್ನಿಯಾ ಮಗಳ ಸಿಂಡ್ರೋಮ್ ಅಂತ. 1991ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಕ್ಯಾಲಿಫೋರ್ನಿಯಾದವರು ಅವಳನ್ನು ನ್ಯೂಯಾರ್ಕ್ ಮಗಳು ಅನ್ನುತ್ತಾರಂತೆ! ಗಂಡುಮಕ್ಕಳೇನೂ ಕಡಿಮೆಯಿಲ್ಲ ಬಿಡಿ.

ಈಗ ಒಬ್ಬರು ಬರುತ್ತಾರೆ, "ನಮ್ಮತ್ತೆಗೂ ಹೀಗೇ ಆಗಿತ್ತು, ಎದ್ದು ಓಡಾಡಿದರು" ಅಂತ. ಒಪ್ಪಿದೆ. ಚೆನ್ನಾಗಿದ್ದವರು ಒಂದೆರಡು ದಿನದಲ್ಲಿ ಕುಸಿದರೆ ಅದು ಸೋಂಕಿರಬಹುದು, ಮಾತ್ರೆಯ ಎಡವಟ್ಟಿರಬಹುದು, ಓಡಬೇಕು. ಇಲ್ಲಿ ಡಾಕ್ಟರು ಅದನ್ನೆಲ್ಲ ನೋಡಿ ಮುಗಿಸಿಯೇ ನಮ್ಮನ್ನು ಕೂರಿಸಿ ಮಾತಾಡಿದ್ದಾರೆ. ಆ ಮಾತು ಕೇಳಲು ನೀವು ಇರಲಿಲ್ಲ, ಅಷ್ಟೇ. ಮೊನ್ನೆ ದೊಡ್ಡಮ್ಮ ಇದ್ದಕ್ಕಿದ್ದಂತೆ ಕಣ್ಣು ಬಿಟ್ಟು ಎಲ್ಲರ ಹೆಸರು ಹಿಡಿದು ಮಾತಾಡಿಸಿದಾಗ "ನೋಡಿದೆಯಾ, ಹುಷಾರಾದರು" ಅಂದಿರಿ. ಆರುವ ಮುನ್ನ ದೀಪ ಜೋರಾಗಿ ಉರಿಯುತ್ತೆ ಅಂತ ನಮಗೆ ಹೇಳಿಕೊಟ್ಟವರು ನೀವೇ ಅಲ್ಲವಾ?

ಒಂದು ಮಾತು ಹೇಳಿಬಿಡುತ್ತೇನೆ, ಬೈದರೆ ಬೈಯಿರಿ. ಬೇಗ ಹೋಗಿಬಿಡಲಿ ಅಂತ ನನಗೂ ಅನಿಸುತ್ತದೆ. ರಾತ್ರಿ ಅವರ ಉಸಿರು ನಿಂತಾಗ ನಾನೂ ಉಸಿರು ಬಿಗಿಹಿಡಿದು ಎಣಿಸುತ್ತೇನೆ. ಮತ್ತೆ ಶುರುವಾದಾಗ ಆಗುವುದು ಸಮಾಧಾನವೋ ಸಂಕಟವೋ ನನಗೇ ತಿಳಿಯುವುದಿಲ್ಲ.

ನೋಡಲು ಬರುವವರು ಬನ್ನಿ. ಕೈ ಹಿಡಿದುಕೊಳ್ಳಿ, ಹಳೆಯ ಕಥೆ ಹೇಳಿ. ಕಿವಿ ಕೊನೆಯವರೆಗೂ ಕೇಳಿಸುತ್ತಿರಬಹುದು ಅನ್ನುತ್ತಾರೆ ವೈದ್ಯರು. ಹಾಗಾಗಿ ಆಸ್ತಿ ಮಾತು ಹೊರಗೆ. ಡ್ರಿಪ್ ವಿಷಯ ಎತ್ತುವವರು ಮೊದಲು ರಾತ್ರಿ ಪಾಳಿಗೆ ಹೆಸರು ಕೊಡಿ. ಇಲ್ಲಿಯವರೆಗೆ ಒಬ್ಬರೂ ಕೊಟ್ಟಿಲ್ಲ.